ಅಪ್ಪನ ಸಹಿ ನಡೆಯುವಾಗಲೇ

‘ಅಪ್ಪ ನನ್ನ ಹೆಸರಿಗೆ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಕೊಟ್ಟಿದ್ದಾರೆ, ಮುಂದಿನದಕ್ಕೆ ಯೋಚನೆಯಿಲ್ಲ’ ಎಂದು ನೆಮ್ಮದಿಯಾಗಿರುವ ಮಕ್ಕಳು ಬಹಳ ಮಂದಿ. ಆ ನೆಮ್ಮದಿಗೆ ಕಾನೂನಿನ ಆಧಾರವಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರಷ್ಟೇ ಅಲ್ಲ, ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಆ ಅಧಿಕಾರ ಮುಗಿಯುತ್ತದೆ. ಮರೆವಿನ ಕಾಯಿಲೆ ಬಲಿತು ಅಪ್ಪನಿಗೆ ತಿಳಿವಳಿಕೆಯೇ ಇಲ್ಲದಂತಾದಾಗ ಅಲ್ಲವೇ ಆ ಪತ್ರ ಬೇಕಾಗುವುದು? ಆಗಲೇ ಅದು ಬರೀ ಕಾಗದವಾಗುತ್ತದೆ. ಬುದ್ಧಿ ಮಂಕಾದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರಪತ್ರ ಅಮೆರಿಕ, ಇಂಗ್ಲೆಂಡ್‌ಗಳಲ್ಲಿದೆ. ಅಲ್ಲಿ ನೆಲೆಸಿರುವ ನಮ್ಮವರು ಇಲ್ಲಿಯೂ ಹಾಗೆಯೇ ಇದೆ ಎಂದುಕೊಳ್ಳಬಾರದು.

ಆಮೇಲೆ ಉಳಿಯುವುದು ಕೋರ್ಟಿನ ದಾರಿ. ತಂದೆಯ ಆಸ್ತಿ, ಖಾತೆ ನೋಡಿಕೊಳ್ಳಲು ತಮ್ಮನ್ನು ಪಾಲಕರನ್ನಾಗಿ ನೇಮಿಸಿ ಎಂದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ಕುಟುಂಬಗಳಿವೆ. ವೈದ್ಯರ ವರದಿ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಆಗುವಷ್ಟರಲ್ಲಿ ಆಸ್ಪತ್ರೆ ಬಿಲ್ಲು ಕಾಯುವುದಿಲ್ಲ.

ಹಾಗಾಗಿ ಮಾಡಬೇಕಾದದ್ದನ್ನೆಲ್ಲ ತಿಳಿವು ಚೆನ್ನಾಗಿರುವಾಗಲೇ ಮಾಡಬೇಕು. ಮೊದಲು ಬ್ಯಾಂಕು. ಖಾತೆ, ಠೇವಣಿಗಳನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನಲ್ಲಿ ಜಂಟಿಯಾಗಿಸಿದರೆ ಇನ್ನೊಬ್ಬರ ಸಹಿಯಲ್ಲಿ ವ್ಯವಹಾರ ನಡೆಯುತ್ತದೆ. ಕೈ ನಡುಗಿ ಸಹಿ ಕೂಡದವರಿಗೂ ರಿಸರ್ವ್ ಬ್ಯಾಂಕ್ ದಾರಿ ಮಾಡಿದೆ: ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಸಾಕು. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಾಖೆಯಲ್ಲಿ ‘ಆಗಲ್ಲ’ ಎಂದರೆ ಈ ನಿಯಮ ಹೇಳಿ ಕೇಳಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ. ಅದು ಯಾರಿಗೆ ಸೇರಬೇಕೆಂದು ತೀರ್ಮಾನಿಸುವುದು ಉಯಿಲು ಅಥವಾ ಉತ್ತರಾಧಿಕಾರ ಕಾನೂನು.

ಇನ್ನು ಮನೆ, ಜಮೀನು. ‘ಹೇಗೂ ಮಕ್ಕಳಿಗೇ ಹೋಗುವುದು’ ಎಂದು ಬದುಕಿರುವಾಗಲೇ ದಾನಪತ್ರ ಬರೆದುಕೊಟ್ಟು, ಖಾತಾ ಬದಲಾದ ಮೇಲೆ ತಮ್ಮದೇ ಮನೆಯ ಮೂಲೆ ಸೇರಿದ ತಂದೆತಾಯಂದಿರು ಕಡಿಮೆಯೇನಿಲ್ಲ. ನನ್ನನ್ನು ಕೇಳಿದರೆ, ಇರುವ ಒಂದೇ ಮನೆಯನ್ನು ದಾನ ಕೊಡಲೇಬಾರದು. ಉಯಿಲು ಬರೆದರೆ ಸಾಕು. ಕೊಡಲೇಬೇಕಾದರೆ, ‘ಕೊನೆಯವರೆಗೆ ವಾಸದ ಹಕ್ಕು ನಮ್ಮದು, ಊಟ, ಔಷಧಿ, ಆರೈಕೆ ಆಸ್ತಿ ಪಡೆದವರ ಹೊಣೆ’ ಎಂದು ಆ ಪತ್ರದಲ್ಲೇ ಬರೆಸಿ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಂ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಲು ಅವಕಾಶ ಕೊಡುತ್ತದೆ ನಿಜ. ಆದರೆ ಅಂಥ ಷರತ್ತಿಗೆ ಒಳಪಟ್ಟೇ ಆಸ್ತಿ ಕೊಟ್ಟದ್ದು ಎಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಕಾಯಿದೆಯನ್ನು ಉದಾರವಾಗಿ ಅರ್ಥೈಸಿ, ಮಗನಿಗೆ ಕೊಟ್ಟಿದ್ದ ದಾನಪತ್ರ ರದ್ದುಮಾಡಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಆ ಉದಾರತೆ ಪ್ರತಿ ಬಾರಿಯೂ ಒದಗುತ್ತದೆಂದು ನೆಚ್ಚುವುದಕ್ಕಿಂತ ಎರಡು ಸಾಲು ಬರೆಸುವುದು ಸುಲಭ. ಈ ದೂರುಗಳನ್ನು ಕೇಳುವ ನ್ಯಾಯಮಂಡಳಿ ನಮ್ಮಲ್ಲಿ ಉಪವಿಭಾಗಾಧಿಕಾರಿಯದ್ದು, ಸಹಾಯವಾಣಿ 14567.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆದರೂ ನೋಂದಣಿ ಮಾಡಿಸಿ, ಅದೇ ದಿನದ ವೈದ್ಯರ ಪ್ರಮಾಣಪತ್ರವನ್ನೂ ಜೊತೆಗಿಡುವುದು ಒಳ್ಳೆಯದು. ಉಯಿಲಿನ ಮೇಲಿನ ತಕರಾರುಗಳಲ್ಲಿ ಎದ್ದುಬರುವ ಪ್ರಶ್ನೆಯೇ ‘ಬರೆಯುವಾಗ ಅವರಿಗೆ ಬುದ್ಧಿ ನೆಟ್ಟಗಿತ್ತೇ?’ ಎಂಬುದು. ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಪಾಲಿಗಷ್ಟೇ ಉಯಿಲು ಬರೆಯಬಹುದು.

ಚಿಕಿತ್ಸೆಯ ಮಾತನ್ನಂತೂ ನಮ್ಮ ಮನೆಗಳಲ್ಲಿ ಅಪಶಕುನವೆಂದು ಎತ್ತುವುದೇ ಇಲ್ಲ. ಗುಣವಾಗುವ ಆಸೆಯಿಲ್ಲದಾಗ ವೆಂಟಿಲೇಟರ್ ಬೇಕೇ ಬೇಡವೇ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಐಸಿಯು ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳವಾಡುವುದು ಇದರಿಂದ ತಪ್ಪೀತು.

ಹಣದ ವಿಷಯಕ್ಕೆ ಬಂದರೆ, ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆ ಖರ್ಚು ಕೊಡುತ್ತದೆಯೇ ಹೊರತು, ಮನೆಯಲ್ಲಿ ವರ್ಷಗಟ್ಟಲೆ ಮಗ್ಗುಲು ಬದಲಿಸುವ, ಸ್ನಾನ ಮಾಡಿಸುವ ಸಹಾಯಕರ ಸಂಬಳವನ್ನಲ್ಲ. ಅದಕ್ಕೆ ತಿಂಗಳ ಆದಾಯ ಬೇಕು: ಪಿಂಚಣಿ, ಮನೆ ಬಾಡಿಗೆ, ಒಬ್ಬರಿಗೆ 30 ಲಕ್ಷ ರೂಪಾಯಿವರೆಗೆ ಇಡಬಹುದಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ. ಉಳಿದದ್ದನ್ನು ಮಕ್ಕಳು ಯಾರೆಷ್ಟು ಹಾಕಬೇಕೆಂದು ಬರೆದುಕೊಳ್ಳಲಿ. ಕೆಲಸ ಬಿಟ್ಟು ಆರೈಕೆಗೆ ನಿಲ್ಲುವ ಸೊಸೆಯದೋ ಮಗಳದೋ ದುಡಿಮೆಯನ್ನು ಆ ಲೆಕ್ಕದಲ್ಲಿ ಸೊನ್ನೆ ಎಂದು ಬರೆಯಬೇಡಿ. ಅವಳಿಗೂ ತಿಂಗಳಿಗಿಷ್ಟು ಎಂದು ಗೊತ್ತುಮಾಡಿ. ಆ ಮಾತುಕತೆಯಲ್ಲಿ ಅಪ್ಪ ಅಮ್ಮನೂ ಕೂತಿರಬೇಕು. ಮೊದಲು ಖರ್ಚಾಗುವುದು ಅವರ ದುಡ್ಡೇ.