ಗ್ರಂಥಕ್ಕೆ ಬೆಂಕಿ ಇಡುವವರಿಗೂ ಕಲ್ಲು ಎತ್ತುವ ನಮ್ಮವರಿಗೂ

ನಮ್ಮ ಮನೆಗಳಲ್ಲಿ ಪವಿತ್ರ ಕುರ್‌ಆನ್ ಇರುವ ಜಾಗ ಯಾವುದೆಂಬುದು ಚಿಕ್ಕ ಮಗುವಿಗೂ ಗೊತ್ತು. ಬಟ್ಟೆಯಲ್ಲಿ ಸುತ್ತಿ ಎತ್ತರದ ಗೂಡಿನಲ್ಲಿ ಇಟ್ಟಿರುತ್ತೇವೆ. ವುಝೂ ಮಾಡದೆ ಮುಟ್ಟುವುದಿಲ್ಲ, ನೆಲದ ಮೇಲಿಟ್ಟು ಓದುವುದಿಲ್ಲ. ಕೈತಪ್ಪಿ ಜಾರಿದರೆ ಎತ್ತಿ ಮುತ್ತಿಟ್ಟು ಕಣ್ಣಿಗೊತ್ತಿಕೊಳ್ಳುವ ಅಜ್ಜಿಯಂದಿರನ್ನು ನೋಡುತ್ತಲೇ ಬೆಳೆದವರು ನಾವು. ಅಂತಹ ಗ್ರಂಥವನ್ನು 2025ರ ಮೇ ತಿಂಗಳಲ್ಲಿ ಬೆಳಗಾವಿ ತಾಲ್ಲೂಕಿನ ಸಂತಿಬಸ್ತವಾಡ ಗ್ರಾಮದ, ಇನ್ನೂ ಕಟ್ಟಡದ ಕೆಲಸ ಮುಗಿಯದ ಮಸೀದಿಯಿಂದ ಹದೀಸ್ ಗ್ರಂಥಗಳ ಸಮೇತ ಹೊತ್ತೊಯ್ದು ಸುಡಲಾಯಿತು. ಸುದ್ದಿ ಕೇಳಿದ ದಿನ ನಮ್ಮ ಅನೇಕ ಮನೆಗಳಲ್ಲಿ ಊಟ ಗಂಟಲಿಗಿಳಿಯಲಿಲ್ಲ. ಆ ನೋವನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ನೋವು ಒಂದು, ನ್ಯಾಯ ಇನ್ನೊಂದು. ನೋವಿನಿಂದ ನ್ಯಾಯಕ್ಕೆ ಹೋಗುವ ದಾರಿಯಲ್ಲಿ ನಾವು ಎಲ್ಲೆಲ್ಲಿ ಎಡವುತ್ತಿದ್ದೇವೆ ಎಂಬುದನ್ನೂ ನೇರವಾಗಿ ಹೇಳಲೇಬೇಕಾಗಿದೆ.

ಮೊದಲಿಗೆ, ಅವಮಾನವೆಂದರೆ ಏನು? ಕಾಗದಕ್ಕೆ ಬೆಂಕಿ ತಗುಲಿದ್ದೇ ಅವಮಾನವಾಗುವುದಾದರೆ ನಮ್ಮ ಚರಿತ್ರೆಯನ್ನೇ ಓದಲಾಗದು. ಮೂರನೆಯ ಖಲೀಫಾ ಉಸ್ಮಾನ್(ರ)ರು ಕುರ್‌ಆನಿನ ಪ್ರಮಾಣ ಪ್ರತಿಗಳನ್ನು ಸಿದ್ಧಪಡಿಸಿ ಪ್ರಾಂತಗಳಿಗೆ ಕಳುಹಿಸಿದಾಗ, ಉಳಿದ ಬಿಡಿ ಬರಹಗಳನ್ನು ಸುಡುವಂತೆ ಆಜ್ಞಾಪಿಸಿದರು. ಅದು ಗ್ರಂಥದ ರಕ್ಷಣೆಗಾಗಿ ಹೊತ್ತಿಸಿದ ಬೆಂಕಿ. ಇಂದಿಗೂ ಓದಿ ಓದಿ ಹರಿದ ಮುಸ್‌ಹಫ್‌ಗಳನ್ನು ನಮ್ಮ ಜಮಾಅತ್‌ಗಳು ಜನ ತುಳಿಯದ ಜಾಗದಲ್ಲಿ ಗೌರವದಿಂದ ಹೂಳುತ್ತವೆ. ನಮ್ಮ ಹಿಂದೂ ಸಹೋದರರು ಚೌತಿಯ ಗಣಪನನ್ನು ನೀರಿನಲ್ಲಿ ಬಿಡುವಾಗ ಅದನ್ನು ಮೂರ್ತಿಭಂಜನೆಯೆಂದು ಯಾರೂ ಕರೆಯುವುದಿಲ್ಲ. ಬೆಂಕಿಯೂ ನೀರೂ ಮಣ್ಣೂ ತಮ್ಮಷ್ಟಕ್ಕೆ ಯಾರನ್ನೂ ಅವಮಾನಿಸುವುದಿಲ್ಲ. ಹಿಂದಿರುವ ಉದ್ದೇಶ ಅವಮಾನಿಸುತ್ತದೆ. ನಿನಗೆ ಪೂಜ್ಯವಾದುದು ನನಗೆ ಕಸ, ಅದನ್ನು ನಿನ್ನ ಕಣ್ಣೆದುರೇ ತೋರಿಸುತ್ತೇನೆ, ನೀನು ಏನು ಮಾಡುತ್ತೀಯೋ ನೋಡೋಣ ಎಂಬ ಸವಾಲು ಅದರೊಳಗಿದೆ. ಈ ಸವಾಲಿಗೆ ನೋಡುಗರು ಬೇಕು. ಆದುದರಿಂದಲೇ ಅದು ಮಸೀದಿಯ ಬಾಗಿಲಿಗೆ, ಗುಡಿಯ ಅಂಗಳಕ್ಕೆ, ಈಗೀಗ ಮೊಬೈಲಿನ ಪರದೆಗೆ ಬರುತ್ತದೆ.

ನಮ್ಮ ದೇಶದ ಕಾನೂನೂ ಉದ್ದೇಶವನ್ನೇ ಕೇಳುತ್ತದೆ. 1953ರಲ್ಲಿ ತಿರುಚಿರಾಪಳ್ಳಿಯ ಸಾರ್ವಜನಿಕ ಸಭೆಯಲ್ಲಿ ಪೆರಿಯಾರ್ ರಾಮಸ್ವಾಮಿಯವರು ಗಣಪತಿಯ ಮಣ್ಣಿನ ಮೂರ್ತಿಯನ್ನು ಒಡೆದರು. ಅದು ದೇವಸ್ಥಾನದಲ್ಲಿ ಪ್ರತಿಷ್ಠೆಯಾದ ವಿಗ್ರಹವಲ್ಲವೆಂಬ ಕಾರಣಕ್ಕೆ ಕೆಳಗಿನ ನ್ಯಾಯಾಲಯಗಳು ದೂರನ್ನು ತಳ್ಳಿಹಾಕಿದವು. 1958ರಲ್ಲಿ ಸುಪ್ರೀಂ ಕೋರ್ಟು ಆ ಸಂಕುಚಿತ ಅರ್ಥವನ್ನು ಒಪ್ಪಲಿಲ್ಲ. ಒಂದು ವಸ್ತುವಿಗೆ ಬೆಲೆ ಇರಲಿ ಇಲ್ಲದಿರಲಿ, ಅದನ್ನು ಒಂದು ವರ್ಗದ ಜನ ಪವಿತ್ರವೆಂದು ಭಾವಿಸಿದ್ದರೆ ಸಾಕು, ನ್ಯಾಯಾಲಯಗಳು ಆ ಭಾವನೆಯನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳಿತು. ಬಹಳ ಕಾಲ ಕಳೆದುಹೋಗಿದ್ದುದರಿಂದ ಪ್ರಕರಣವನ್ನು ಮತ್ತೆ ತೆರೆಯಲಿಲ್ಲ, ಆದರೆ ತತ್ವ ನಿಂತಿತು. ನಮ್ಮ ಗ್ರಂಥಕ್ಕೆ ಇಂದು ರಕ್ಷಣೆ ಕೊಡುವ ಆ ತತ್ವ ರೂಪುಗೊಂಡದ್ದು ಗಣಪತಿಯ ಮಣ್ಣಿನ ಮೂರ್ತಿಯೊಂದರ ಪ್ರಕರಣದಲ್ಲಿ ಎಂಬುದನ್ನು ನಾವು ಮರೆಯಬಾರದು.

ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಇದನ್ನೆಲ್ಲ ಸಮರ್ಥಿಸುವವರಿದ್ದಾರೆ. 2023ರ ಜೂನ್ 28ರಂದು, ಬಕ್ರೀದ್ ಹಬ್ಬದ ದಿನವೇ, ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಮುಖ್ಯ ಮಸೀದಿಯ ಹೊರಗೆ ಪೊಲೀಸರ ಅನುಮತಿಯೊಂದಿಗೆ ಕುರ್‌ಆನನ್ನು ಹರಿದು ಸುಟ್ಟಾಗ ಕೇಳಿಬಂದದ್ದೂ ಇದೇ ಸಮರ್ಥನೆ. ಅವರಿಗೆ ನಮ್ಮ ಉತ್ತರ ಸರಳವಾದುದು. ಟೀಕೆಗೆ ನಾವು ಹೆದರುವವರಲ್ಲ. ಪ್ರವಾದಿ(ಸ)ರನ್ನು ಅವರ ವಿರೋಧಿಗಳು ಕವಿಯೆಂದರು, ಹುಚ್ಚನೆಂದರು, ಮಾಂತ್ರಿಕನೆಂದರು. ಆ ನಿಂದೆಗಳನ್ನೆಲ್ಲ ಕುರ್‌ಆನ್ ತನ್ನೊಳಗೇ ದಾಖಲಿಸಿ ಉತ್ತರ ಕೊಟ್ಟಿದೆ. ನಾವು ನಮಾಝಿನಲ್ಲಿ ನಿಂತು ಅವುಗಳನ್ನೂ ಪಠಿಸುತ್ತೇವೆ. ಎದುರಾಳಿಯ ಮಾತನ್ನು ಅಳಿಸದೆ ಉಳಿಸಿಕೊಂಡ ಗ್ರಂಥದ ಅನುಯಾಯಿಗಳಿಗೆ ಪ್ರಶ್ನೆಗಳ ಭಯವೇಕೆ? ಆದರೆ ಪ್ರಶ್ನೆ ಕೇಳುವವನು ಉತ್ತರಕ್ಕಾಗಿ ಕಾಯುತ್ತಾನೆ. ಹಬ್ಬದ ದಿನ ನೆರೆಯವನ ಬಾಗಿಲಲ್ಲಿ ಅವನ ಗ್ರಂಥವನ್ನು ಸುಡುವವನು ಯಾವ ಉತ್ತರಕ್ಕೂ ಕಾಯುವುದಿಲ್ಲ. ಅವನಿಗೆ ಬೇಕಾಗಿರುವುದು ನೆರೆಯವನ ಕಣ್ಣೀರು, ಅದಕ್ಕಿಂತ ಹೆಚ್ಚಾಗಿ ನೆರೆಯವನ ಸಿಟ್ಟು. ಅದೇ ವರ್ಷದ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ಸಂಸತ್ತು ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಸುಡುವುದನ್ನೂ ಹರಿಯುವುದನ್ನೂ ನಿಷೇಧಿಸಿತು. ಸ್ವಾತಂತ್ರ್ಯಕ್ಕೆ ಹೆಸರಾದ ದೇಶಕ್ಕೂ ಈ ವ್ಯತ್ಯಾಸ ಕಂಡಿತು.

ಹಾಗಾದರೆ 1927ರ ಡಿಸೆಂಬರ್ 25ರಂದು ಬಾಬಾಸಾಹೇಬ್ ಅಂಬೇಡ್ಕರರು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಡಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸುಟ್ಟವರು ಯಾರು, ಸುಟ್ಟದ್ದು ಏನನ್ನು, ಯಾರಿಗೆ ಏನು ಹೇಳಲು ಎಂದು ನೋಡೋಣ. ಅದೇ ವರ್ಷದ ಮಾರ್ಚಿನಲ್ಲಿ ಅದೇ ಊರಿನ ಚವ್‌ದಾರ್ ಕೆರೆಯ ನೀರು ಮುಟ್ಟಿದ್ದಕ್ಕಾಗಿ ಪೆಟ್ಟು ತಿಂದ ಜನರು ಅವರು. ತಮ್ಮನ್ನು ನೀರಿನಿಂದಲೇ ದೂರವಿಟ್ಟ ಶ್ರೇಣಿಯ ಕಟ್ಟಳೆಯನ್ನು ಅವರು ಧಿಕ್ಕರಿಸಿದರು. ನಿರ್ಣಯ ಮಂಡಿಸಿದವರು ಬ್ರಾಹ್ಮಣರೇ ಆದ ಸಹಸ್ರಬುದ್ಧೆಯವರು. ಅಂದಿನ ಕೃತ್ಯದಿಂದ ನೊಂದವರೂ ಇದ್ದಾರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆ ವಾದದಲ್ಲಿ ತೀರ್ಪು ಕೊಡುವ ಸ್ಥಾನದಲ್ಲೂ ನಾವಿಲ್ಲ. ಆದರೆ ತನ್ನ ಕತ್ತಿಗೆ ಬಿದ್ದ ಹಗ್ಗವನ್ನು ಸುಡುವವನನ್ನೂ, ಯಾರ ತಂಟೆಗೂ ಹೋಗದ ನೆರೆಮನೆಯವನ ಗೂಡಿನಿಂದ ಕದ್ದು ತಂದು ಸುಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು.

ಇನ್ನು ನಮ್ಮವರ ಕಡೆಗೆ ತಿರುಗೋಣ.

2025ರ ಫೆಬ್ರವರಿ 10ರ ರಾತ್ರಿ ನಮ್ಮದೇ ಮೈಸೂರಿನ ಉದಯಗಿರಿಯಲ್ಲಿ ನಡೆದದ್ದು ನಮಗೆಲ್ಲ ನೆನಪಿದೆ. ಒಬ್ಬನು ಸಾಮಾಜಿಕ ಜಾಲತಾಣದಲ್ಲಿ ನಮ್ಮ ಶ್ರದ್ಧೆಯನ್ನು ನೋಯಿಸುವ ಚಿತ್ರ ಹಾಕಿದ. ಪೊಲೀಸರು ಅವನನ್ನು ಆಗಲೇ ವಶಕ್ಕೆ ಪಡೆದಿದ್ದರು. ಹಾಗಿದ್ದೂ ಠಾಣೆಯ ಮುಂದೆ ಗುಂಪು ಸೇರಿತು, ಕಲ್ಲುಗಳು ಹಾರಿದವು, ಪೊಲೀಸರು ಗಾಯಗೊಂಡರು. ಮರುದಿನ ಬೆಳಗಾಗುವಷ್ಟರಲ್ಲಿ ಚಿತ್ರ ಹಾಕಿದವನ ಅಪರಾಧ ಹಿಂದೆ ಸರಿದು, ಕಲ್ಲೆಸೆದವರ ಅಪರಾಧ ನಾಡಿನ ಚರ್ಚೆಯಾಯಿತು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲೂ ಇದೇ ಆಯಿತು. ಪ್ರವಾದಿ(ಸ)ರನ್ನು ನಿಂದಿಸಿದ ಒಂದು ಫೇಸ್‌ಬುಕ್ ಬರಹ. ಅದಕ್ಕೆ ಉತ್ತರವಾಗಿ ಶಾಸಕರ ಮನೆಗೆ, ಠಾಣೆಗೆ, ವಾಹನಗಳಿಗೆ ಬೆಂಕಿ. ಗೋಲಿಬಾರಿನಲ್ಲಿ ಯುವಕರು ಪ್ರಾಣ ಕಳೆದುಕೊಂಡರು, ಎಷ್ಟೋ ತಾಯಂದಿರು ವರ್ಷಗಟ್ಟಲೆ ಜೈಲಿನ ಬಾಗಿಲು ಕಾದರು. ಬರೆದವನಿಗೆ ಬೇಕಾಗಿದ್ದುದನ್ನು ನಮ್ಮ ಹುಡುಗರೇ ಅವನ ಕೈಗಿತ್ತರು. ಅದೇ ರಾತ್ರಿ ಆಂಜನೇಯನ ಗುಡಿಯೊಂದರ ಸುತ್ತ ಕೈಕೈ ಹಿಡಿದು ಕಾವಲು ನಿಂತ ಮುಸ್ಲಿಮ್ ಯುವಕರೂ ಇದ್ದರು. ಕಲ್ಲೆತ್ತಿದವರಿಗಿಂತ ಅವರೇ ಪ್ರವಾದಿ(ಸ)ರ ಮಾನವನ್ನು ಕಾಪಾಡಿದರು.

ಕುರ್‌ಆನ್ ಈ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವುದು ಕಿವಿಗೆ ಬಿದ್ದರೆ, ಅವರು ಬೇರೆ ಮಾತಿಗೆ ತಿರುಗುವವರೆಗೆ ಅವರ ಜೊತೆ ಕುಳಿತುಕೊಳ್ಳಬೇಡಿರೆಂದು ಸೂರಃ ಅನ್ನಿಸಾ(4:140) ಕಲಿಸುತ್ತದೆ. ಎದ್ದು ಹೋಗಿರಿ ಎನ್ನುತ್ತದೆ, ಎದ್ದು ಹೊಡೆಯಿರಿ ಎನ್ನುವುದಿಲ್ಲ. ಹುದೈಬಿಯಾ ಸಂಧಿಯ ದಿನವನ್ನು ನೆನೆಯಿರಿ. ಮಕ್ಕಾದವರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್, ಒಪ್ಪಂದದಲ್ಲಿ ಅಲ್ಲಾಹನ ಸಂದೇಶವಾಹಕ ಎಂಬ ಪದವಿರಕೂಡದೆಂದು ಹಠ ಹಿಡಿದ. ಬರೆಯುತ್ತಿದ್ದ ಅಲೀ(ರ)ಯವರಿಗೆ ಆ ಪದವನ್ನು ಅಳಿಸಲು ಕೈ ಬರಲಿಲ್ಲ. ಆಗ ಪ್ರವಾದಿ(ಸ)ರೇ ಆ ಪದ ಎಲ್ಲಿದೆಯೆಂದು ಕೇಳಿ ತಮ್ಮ ಕೈಯಿಂದಲೇ ಅಳಿಸಿದರು. ಶಾಂತಿಗಾಗಿ ಶಾಯಿಯನ್ನು ಅಳಿಸಬಹುದು, ಅದರಿಂದ ಪ್ರವಾದಿತ್ವ ಅಳಿಯುವುದಿಲ್ಲವೆಂದು ತೋರಿಸಿಕೊಟ್ಟ ಗುರುವಿನ ಹೆಸರಿನಲ್ಲಿ ನಾವು ಠಾಣೆಗೆ ಕಲ್ಲೆಸೆಯುವುದೇ? ಸ್ಟಾಕ್‌ಹೋಮಿನಲ್ಲಿ ಕುರ್‌ಆನ್ ಸುಟ್ಟ ವ್ಯಕ್ತಿ 2025ರ ಜನವರಿಯಲ್ಲಿ ಗುಂಡಿಗೆ ಬಲಿಯಾದಾಗ ಒಳಗೊಳಗೇ ಹಿಗ್ಗಿದವರು ನಮ್ಮ ನಡುವೆಯೂ ಇದ್ದರು. ಆ ಹಿಗ್ಗಿಗೆ ಇಸ್ಲಾಮಿನಲ್ಲಿ ಜಾಗವಿಲ್ಲ.

ಅದೇ ಸ್ಟಾಕ್‌ಹೋಮಿನಲ್ಲಿ 2023ರ ಜುಲೈ 15ರಂದು ನಡೆದ ಇನ್ನೊಂದು ಘಟನೆಯನ್ನು ನಾವು ಮಕ್ಕಳಿಗೆ ಹೇಳಬೇಕು. ಸಿರಿಯಾ ಮೂಲದ ಒಬ್ಬ ಮುಸ್ಲಿಮ್ ಯುವಕ ಇಸ್ರೇಲಿನ ರಾಯಭಾರ ಕಚೇರಿಯ ಮುಂದೆ ತೌರಾತ್ ಮತ್ತು ಬೈಬಲನ್ನು ಸುಡಲು ಅನುಮತಿ ಪಡೆದಿದ್ದ. ಲೋಕದ ಕ್ಯಾಮೆರಾಗಳೆಲ್ಲ ಬಂದು ನಿಂತವು. ಅವನು ಜೇಬಿನಿಂದ ಲೈಟರ್ ತೆಗೆದು ನೆಲಕ್ಕೆ ಎಸೆದ. ಯಾವ ಧರ್ಮಗ್ರಂಥವನ್ನೂ ಸುಡುವುದು ತನ್ನಿಂದಾಗದು, ಕುರ್‌ಆನ್ ಸುಡುವುದು ಎಂತಹ ತಪ್ಪೆಂಬುದನ್ನು ತಿಳಿಸಲು ಮಾತ್ರ ಅನುಮತಿ ಕೇಳಿದ್ದೆನೆಂದು ಹೇಳಿ ಹೊರಟುಹೋದ. ಬೆಂಕಿ ಹಚ್ಚುವ ಹಕ್ಕು ಕೈಯಲ್ಲಿದ್ದೂ ಹಚ್ಚದೆ ಬಂದ ಆ ಯುವಕನಂತೆ ನಮ್ಮ ಮಕ್ಕಳು ಬೆಳೆಯಲಿ.

ಕೊನೆಯದಾಗಿ, ನಮಗೆ ಕಹಿಯಾದ ಒಂದು ಮಾತು. ಸೂರಃ ಅಲ್‌ಅನ್‌ಆಮ್‌ನಲ್ಲಿ(6:108), ಅಲ್ಲಾಹನ ಹೊರತು ಇತರರು ಪ್ರಾರ್ಥಿಸುವವುಗಳನ್ನು ನಿಂದಿಸಬೇಡಿರೆಂಬ ನೇರವಾದ ಆಜ್ಞೆಯಿದೆ. ನಮ್ಮಲ್ಲಿ ಎಷ್ಟು ಜನ ಇದನ್ನು ಪಾಲಿಸುತ್ತಿದ್ದೇವೆ? ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇತರರ ದೇವರುಗಳ ಬಗ್ಗೆ ಓಡಾಡುವ ನಗೆಹನಿಗಳನ್ನು ನಾವು ತಡೆದಿದ್ದೇವೆಯೇ? 2001ರಲ್ಲಿ ತಾಲಿಬಾನಿಗಳು ಬಾಮಿಯಾನಿನ ಬುದ್ಧನ ಮೂರ್ತಿಗಳನ್ನು ಸಿಡಿಸಿದಾಗ ಎಷ್ಟು ಮಿಂಬರ್‌ಗಳಿಂದ ಖಂಡನೆ ಕೇಳಿಬಂತು? ದೂರದ ಮಾತು ಬೇಡ. 2023ರ ಡಿಸೆಂಬರ್ ಕೊನೆಯಲ್ಲಿ ನಮ್ಮ ನಂಜನಗೂಡಿನಲ್ಲಿ ಅಂಧಕಾಸುರ ಸಂಹಾರದ ಆಚರಣೆಯ ವೇಳೆ, ತುಳಿಯಲ್ಪಡುವ ಚಿತ್ರ ತಮ್ಮ ಮಹಿಷಾಸುರನದೆಂದು ಕೆಲವರು ಆಕ್ಷೇಪಿಸಿದರು. ಗಲಾಟೆಯಲ್ಲಿ ಶ್ರೀಕಂಠೇಶ್ವರನ ಉತ್ಸವಮೂರ್ತಿಗಳ ಮೇಲೆ ನೀರು ಎರಚಿದರೆಂಬ ಆರೋಪ ಎದ್ದು ಊರೇ ಕುದಿಯಿತು. ಎರಡೂ ಕಡೆಯವರಿಗೆ ತಾವು ಗೌರವಿಸುವುದಕ್ಕೆ ಅವಮಾನವಾಯಿತೆಂಬ ನೋವಿತ್ತು. ಅದು ನಮ್ಮ ಜಗಳವಲ್ಲವೆಂದು ನಾವು ಸುಮ್ಮನಿದ್ದೆವು. ಪಕ್ಕದ ಮನೆಯವರು ಅಳುತ್ತಿದ್ದಾಗ ಒಂದು ಮಾತಾಡದವರು, ನಮ್ಮ ಮನೆಯ ಅಳುವಿಗೆ ಊರೆಲ್ಲ ಓಡಿಬರಬೇಕೆಂದು ಯಾವ ಬಾಯಿಂದ ಕೇಳುವುದು?

ನಮ್ಮ ಹಿರಿಯರು ಹೀಗಿರಲಿಲ್ಲ. 1791ರಲ್ಲಿ ಮರಾಠಾ ಸೇನೆಯ ದಂಡು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದು ಶಾರದೆಯ ಮೂರ್ತಿಯನ್ನು ಸ್ಥಾನದಿಂದ ಕದಲಿಸಿತು. ಕದಲಿಸಿದವರೂ ಹಿಂದೂಗಳೇ ಎಂದು ಟಿಪ್ಪು ಸುಲ್ತಾನ್ ಕೈಕಟ್ಟಿ ಕೂರಲಿಲ್ಲ. ಮಠದ ಸ್ವಾಮಿಗಳಿಗೆ ದುಃಖದಿಂದ ಕಾಗದ ಬರೆದು, ದೇವಿಯ ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದರು. ಆ ಕಾಗದಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿಯೇ ಕಂಡರು. ಟಿಪ್ಪುವಿನ ಯುದ್ಧಗಳ ಬಗ್ಗೆ ವಾದಗಳಿವೆ, ಇರಲಿ. ಈ ಕಾಗದಗಳು ಮಾತ್ರ ಕಣ್ಣಮುಂದಿವೆ. ನಂಜನಗೂಡಿನ ಗುಡಿಯಲ್ಲಿ ಅವರು ಕೊಟ್ಟ ಪಚ್ಚೆಯ ಲಿಂಗಕ್ಕೆ ಇಂದಿಗೂ ಪೂಜೆ ನಡೆಯುತ್ತದೆ.

ಸುತ್ತೂರಿನ ಸುತ್ತಲ ಹಳ್ಳಿಗಳಲ್ಲಿ ಕಪಿಲೆಯ ನೀರು ಕುಡಿದು ಬಾಳುವ ನಮಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಪಕ್ಕದ ಮನೆಯ ಲಿಂಗಾಯತ ಹಿರಿಯರ ಎದೆಯ ಮೇಲಿನ ಕರಡಿಗೆಯನ್ನು ನಮ್ಮ ಮಕ್ಕಳು ಆಟಕ್ಕೂ ಮುಟ್ಟುವುದಿಲ್ಲ; ಅದರೊಳಗೆ ಅವರ ಇಷ್ಟಲಿಂಗವಿದೆಯೆಂದು ಮಕ್ಕಳಿಗೆ ಗೊತ್ತು. ಅವರ ಮಕ್ಕಳು ನಮ್ಮ ಮನೆಗೆ ಬಂದಾಗ ಗೂಡಿನಲ್ಲಿರುವ ಬಟ್ಟೆಯ ಗಂಟಿಗೆ ಕೈ ಹಾಕುವುದಿಲ್ಲ. ಯಾವ ಕಾನೂನೂ ಹೇಳಿಕೊಡದೆ ಬಂದ ಈ ಮರ್ಯಾದೆಯೇ ನಮ್ಮ ಊರುಗಳನ್ನು ಹಿಡಿದಿಟ್ಟಿದೆ. ಬೆಂಕಿ ಇಡುವವನ ಗುರಿ ಈ ಮರ್ಯಾದೆ. ಕಲ್ಲೆಸೆಯುವವನು ಅವನ ಕೆಲಸವನ್ನು ಪೂರ್ತಿಮಾಡುತ್ತಾನೆ.

ಆದುದರಿಂದ ಪ್ರತಿಯೊಂದು ಕುಟುಂಬವೂ ಇಷ್ಟನ್ನು ಪಾಲಿಸಲಿ. ಅವಮಾನದ ಚಿತ್ರವೋ ವೀಡಿಯೊವೋ ಬಂದರೆ ಮುಂದಕ್ಕೆ ಕಳುಹಿಸಬೇಡಿರಿ. ಕಳುಹಿಸುವ ಪ್ರತಿಯೊಬ್ಬನೂ ಆ ಅವಮಾನವನ್ನು ಮತ್ತೊಮ್ಮೆ ಮಾಡುತ್ತಾನೆ. ಸಾಕ್ಷ್ಯಕ್ಕಾಗಿ ಒಂದು ಪ್ರತಿ ಇಟ್ಟುಕೊಂಡು ಜಮಾಅತಿನ ಹಿರಿಯರ ಮೂಲಕ ಲಿಖಿತ ದೂರು ಕೊಡಿರಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 298 ಮತ್ತು 299ನೆಯ ಕಲಮುಗಳು ಇದಕ್ಕಾಗಿಯೇ ಇವೆ. ದೂರು ನಿಧಾನವಾದರೆ ವಕೀಲರನ್ನು ಹಿಡಿಯಿರಿ, ಬೀದಿಯನ್ನಲ್ಲ. ಗುಡಿಗೋ ಮಠಕ್ಕೋ ಚರ್ಚಿಗೋ ಅವಮಾನವಾದಾಗ ಮೊದಲ ಖಂಡನೆ ನಮ್ಮ ಮಸೀದಿಯಿಂದ ಹೊರಡಲಿ, ಜುಮಾದ ಖುತುಬಾದಲ್ಲಿಯೇ ಹೊರಡಲಿ. ನಮ್ಮ ಸರದಿ ಬಂದಾಗ ಆ ಮನೆಗಳ ಬಾಗಿಲು ತಾವಾಗಿಯೇ ತೆರೆಯುವವು. ತೆರೆಯದಿದ್ದರೂ ನಮ್ಮ ಕರ್ತವ್ಯ ತಪ್ಪುವುದಿಲ್ಲ. ನಾವು ಪಾಲಿಸುತ್ತಿರುವುದು ಅಲ್ಲಾಹನ ಆಜ್ಞೆಯನ್ನು, ನೆರೆಯವರೊಂದಿಗೆ ಮಾಡಿಕೊಂಡ ವ್ಯಾಪಾರವನ್ನಲ್ಲ.

ಕುರ್‌ಆನನ್ನು ಕಾಪಾಡುವ ಹೊಣೆಯನ್ನು ಅಲ್ಲಾಹನೇ ಹೊತ್ತಿದ್ದಾನೆ. ಅದರಂತೆ ಬಾಳುವ ಹೊಣೆ ನಮ್ಮದು. ಸಂತಿಬಸ್ತವಾಡದಲ್ಲಿ ಸುಟ್ಟ ಪುಟಗಳಲ್ಲಿದ್ದ ವಚನಗಳು ಕೋಟ್ಯಂತರ ಎದೆಗಳಲ್ಲಿ ಸುರಕ್ಷಿತವಾಗಿವೆ. ಅವು ನಮ್ಮ ನಡತೆಯಲ್ಲಿಯೂ ಕಾಣುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.