ತಾರೆಗಳಿಗೆ ಬರವಿಲ್ಲ, ತಂಡವೇ ಇಲ್ಲ

ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್ ಏಂಜಲ್ಸ್‌ನದು ವಿಚಿತ್ರ ಸಂಕಟ. 2018ರಿಂದ 2023ರವರೆಗೆ ಆರು ಸೀಸನ್ ಮೈಕ್ ಟ್ರೌಟ್ ಮತ್ತು ಶೊಹೆಯ್ ಒಟಾನಿ ಈ ತಂಡದಲ್ಲಿ ಒಟ್ಟಿಗಿದ್ದರು. ಅಷ್ಟರಲ್ಲಿ ಮೂರು ಸಲ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಇವರಿಬ್ಬರ ಪಾಲಾಯಿತು. ತಂಡಕ್ಕೆ ಮಾತ್ರ ಒಂದು ಸೀಸನ್‌ನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ದಕ್ಕಲಿಲ್ಲ. ಒಟಾನಿ 70 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ಪಕ್ಕದ ಡಾಡ್ಜರ್ಸ್ ಸೇರಿದ ಮೇಲೆ, 2024ರಲ್ಲಿ ಏಂಜಲ್ಸ್ 99 ಪಂದ್ಯ ಸೋತು ತನ್ನದೇ ಕಳಪೆ ದಾಖಲೆ ಬರೆಯಿತು. 2025ರಲ್ಲಿ ಮತ್ತೆ 90 ಸೋಲು. ಪ್ಲೇಆಫ್ ಕೊನೆಯ ಸಲ ಕಂಡದ್ದು 2014ರಲ್ಲಿ, ಅದೂ ಮೂರೇ ಪಂದ್ಯದಲ್ಲಿ ಮುಗಿದುಹೋಯಿತು.

ಇಂಥ ತಂಡ ಏನು ಮಾಡಬೇಕು? ಇನ್ನೊಬ್ಬ ದೊಡ್ಡ ಆಟಗಾರನಿಗೆ ಹಣ ಸುರಿಯಬೇಕೋ, ಡ್ರಾಫ್ಟ್‌ನಲ್ಲಿ ಸಿಗುವ ಹುಡುಗರನ್ನು ನಂಬಿ ಕಾಯಬೇಕೋ?

1965ರಲ್ಲಿ ಶುರುವಾದ ಡ್ರಾಫ್ಟ್‌ನ ಮೂಲ ತತ್ವ ಸರಳ: ಹಿಂದಿನ ವರ್ಷ ಹೆಚ್ಚು ಸೋತವರಿಗೆ ಶಾಲೆ, ಕಾಲೇಜುಗಳ ಪ್ರತಿಭೆಗಳನ್ನು ಆರಿಸುವ ಅವಕಾಶ ಮೊದಲು. ಈಗ ಮೊದಲ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಐಪಿಎಲ್‌ನ ಹರಾಜು ನೋಡಿದವರಿಗೆ ಇದು ಹೊಸದೆನಿಸಬಹುದು. ಆದರೆ 2008ರಲ್ಲಿ ಹತ್ತೊಂಬತ್ತರೊಳಗಿನ ಹುಡುಗರನ್ನು ಐಪಿಎಲ್ ಕೂಡ ಡ್ರಾಫ್ಟ್ ಮೂಲಕವೇ ಹಂಚಿತ್ತು. ದೆಹಲಿ ತಂಡ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು, ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಬೇಸ್‌ಬಾಲ್‌ನಲ್ಲಿ ಇದಕ್ಕೆ ತಾಳ್ಮೆಯ ಪರೀಕ್ಷೆಯೂ ಸೇರುತ್ತದೆ. ಆರಿಸಿದ ಹುಡುಗ ಸಾಮಾನ್ಯವಾಗಿ ಮೈನರ್ ಲೀಗ್‌ಗಳಲ್ಲಿ ಕೆಲವು ವರ್ಷ ಪಳಗಬೇಕು. ಬಹುಪಾಲು ಹುಡುಗರು ಮೇಲಕ್ಕೆ ಬರುವುದೇ ಇಲ್ಲ.

ಏಂಜಲ್ಸ್ ಮಾಲೀಕ ಆರ್ಟ್ ಮೊರೆನೊ ಅವರಿಗೆ ಆ ತಾಳ್ಮೆ ಇರಲಿಲ್ಲ. 2011ರ ಡಿಸೆಂಬರ್‌ನಲ್ಲಿ ಆಲ್ಬರ್ಟ್ ಪೂಹೋಲ್ಸ್ ಅವರಿಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟರು. ಮರುವರ್ಷ ಜೋಶ್ ಹ್ಯಾಮಿಲ್ಟನ್ ಅವರಿಗೆ ಐದು ವರ್ಷಕ್ಕೆ 12.5 ಕೋಟಿ. 2019ರಲ್ಲಿ ಆ್ಯಂಥನಿ ರೆಂಡನ್ ಅವರಿಗೆ ಏಳು ವರ್ಷಕ್ಕೆ 24.5 ಕೋಟಿ. ಪೂಹೋಲ್ಸ್ ಸೇಂಟ್ ಲೂಯಿಸ್‌ನಲ್ಲಿ ಹನ್ನೊಂದು ವರ್ಷ ಕಾಯ್ದುಕೊಂಡಿದ್ದ .328 ಬ್ಯಾಟಿಂಗ್ ಸರಾಸರಿ ಇಲ್ಲಿ .256ಕ್ಕೆ ಕುಸಿಯಿತು. ಹ್ಯಾಮಿಲ್ಟನ್ ಎರಡೇ ಸೀಸನ್ ಆಡಿ ಹೋದರು. ಗಾಯಾಳು ರೆಂಡನ್ ಇಲ್ಲಿ ಯಾವ ಸೀಸನ್‌ನಲ್ಲೂ 58ಕ್ಕಿಂತ ಹೆಚ್ಚು ಪಂದ್ಯ ಆಡಲಿಲ್ಲ. ಪೂರ್ಣ ಸೀಸನ್ ಎಂದರೆ 162 ಪಂದ್ಯ.

ಕೈಬಿಟ್ಟದ್ದು ಹಣ ಮಾತ್ರವಲ್ಲ. ಅಂದಿನ ನಿಯಮದಂತೆ ದೊಡ್ಡ ಆಟಗಾರನನ್ನು ಕೊಂಡ ತಂಡ ಡ್ರಾಫ್ಟ್‌ನ ಮುಂಚೂಣಿ ಆಯ್ಕೆಯನ್ನು ತೆರಬೇಕಿತ್ತು. ಪೂಹೋಲ್ಸ್ ಜೊತೆಗೆ ಪಿಚರ್ ಸಿ.ಜೆ. ವಿಲ್ಸನ್ ಅವರನ್ನೂ ಕೊಂಡಿದ್ದರಿಂದ 2012ರ ಡ್ರಾಫ್ಟ್‌ನಲ್ಲಿ ಏಂಜಲ್ಸ್ ಸರದಿ ಬಂದದ್ದು ಮೂರನೇ ಸುತ್ತಿನಲ್ಲಿ. ಹ್ಯಾಮಿಲ್ಟನ್ ಸಲುವಾಗಿ 2013ರ ಮೊದಲ ಸುತ್ತೂ ಹೋಯಿತು. ಟ್ರೌಟ್ ಸುತ್ತ ನಿಲ್ಲಬೇಕಾಗಿದ್ದ ಪೀಳಿಗೆ ಅಲ್ಲೇ ತಪ್ಪಿಹೋಯಿತು.

ಹಾಗಾದರೆ ಟ್ರೌಟ್ ಸಿಕ್ಕಿದ್ದು ಹೇಗೆ? 2008ರ ಕೊನೆಗೆ ಮಾರ್ಕ್ ಟಿಶೇರಾ ಏಂಜಲ್ಸ್ ಬಿಟ್ಟು ಯಾಂಕೀಸ್ ಸೇರಿದರು. ಪರಿಹಾರವಾಗಿ ಯಾಂಕೀಸ್‌ನ 25ನೇ ಆಯ್ಕೆ ಏಂಜಲ್ಸ್ ಕೈಗೆ ಬಂತು, 2009ರಲ್ಲಿ ಆ ಆಯ್ಕೆಯಿಂದಲೇ ನ್ಯೂಜೆರ್ಸಿಯ ಆ ಹುಡುಗ ಸಿಕ್ಕಿದ. ತಾರೆಯೊಬ್ಬ ಬಿಟ್ಟುಹೋದದ್ದರಿಂದ ಬಂದ ಭಾಗ್ಯ ಅದು. ಮೂರು ವರ್ಷವೂ ತುಂಬುವ ಮುನ್ನ ತಂಡದ ಆಡಳಿತ ಇದನ್ನು ಮರೆತಂತಿತ್ತು.

ಇಷ್ಟಕ್ಕೇ ಡ್ರಾಫ್ಟ್ ಎಂಬುದು ಸರ್ವರೋಗಕ್ಕೂ ಮದ್ದೆಂದು ಹೇಳಿದರೆ ಅದೂ ಭ್ರಮೆ. ಹ್ಯೂಸ್ಟನ್ ಆಸ್ಟ್ರೋಸ್ 2011ರಿಂದ ಮೂರು ವರ್ಷ ಕ್ರಮವಾಗಿ 106, 107, 111 ಪಂದ್ಯ ಸೋತಿತು. ಆಗ ಗಳಿಸಿದ ಕಾರ್ಲೋಸ್ ಕೊರೆಯಾರಂಥವರ ಬಲದಿಂದ 2017ರಲ್ಲಿ ವಿಶ್ವ ಸರಣಿ ಗೆದ್ದಿತು (ಎದುರಾಳಿಗಳ ಸಂಜ್ಞೆ ಕದ್ದ ಹಗರಣದ ಕಳಂಕ ಆಮೇಲೆ ಅಂಟಿಕೊಂಡಿತು). ಎಲ್ಲರೂ ಆ ದಾರಿಯನ್ನೇ ಹೊಗಳಿದರು. ಅದೇ ಆಸ್ಟ್ರೋಸ್ 2013ರಲ್ಲಿ ಮೊಟ್ಟಮೊದಲ ಆಯ್ಕೆಯಾಗಿ ಹಿಡಿದ ಮಾರ್ಕ್ ಅಪೆಲ್ ಆ ತಂಡದ ಪರ ಒಂದು ಪಂದ್ಯವನ್ನೂ ಆಡಲಿಲ್ಲವೆಂಬುದು, ಎರಡನೆಯವರಾಗಿ ಉಳಿದ ಕ್ರಿಸ್ ಬ್ರಯಂಟ್ ಶಿಕಾಗೊ ಕಬ್ಸ್‌ಗೆ 2016ರ ಕಿರೀಟ ತಂದುಕೊಟ್ಟವರಲ್ಲಿ ಒಬ್ಬರೆಂಬುದು ಹೊಗಳುವವರಿಗೆ ನೆನಪಾಗುವುದಿಲ್ಲ. ಬಾಲ್ಟಿಮೋರ್ ಓರಿಯೋಲ್ಸ್ ಕೂಡ ವರ್ಷಗಟ್ಟಲೆ ಸೋತು, ಆಡ್ಲಿ ರಚ್‌ಮನ್, ಗನ್ನರ್ ಹೆಂಡರ್ಸನ್‌ರಂಥ ಯುವಕರನ್ನು ಕಟ್ಟಿಕೊಂಡು 2023ರಲ್ಲಿ 101 ಪಂದ್ಯ ಗೆದ್ದಿತು. 2025ರಲ್ಲಿ ಮತ್ತೆ ವಿಭಾಗದ ತಳಕ್ಕೆ. ಶಿಕಾಗೊ ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತರೂ, ಲಾಟರಿಯ ಹೊಸ ನಿಯಮದಿಂದಾಗಿ ಮುಂದಿನ ಡ್ರಾಫ್ಟ್‌ನಲ್ಲಿ ಅದಕ್ಕೆ ದಕ್ಕಿದ್ದು ಹತ್ತನೇ ಸ್ಥಾನ. ಸೋತು ಗಳಿಸುವ ಲೆಕ್ಕಾಚಾರ ಈಗ ಮೊದಲಿನಷ್ಟು ಲಾಭದ್ದಲ್ಲ.

2023ರಲ್ಲಿ ಓರಿಯೋಲ್ಸ್‌ಗೆ ಪ್ಲೇಆಫ್‌ನಲ್ಲಿ ಮನೆ ದಾರಿ ತೋರಿಸಿದ್ದು ಟೆಕ್ಸಸ್ ರೇಂಜರ್ಸ್. 2021ರಲ್ಲಿ 102 ಪಂದ್ಯ ಸೋತ ಕೂಡಲೇ ಕೋರಿ ಸೀಗರ್ ಮತ್ತು ಮಾರ್ಕಸ್ ಸೆಮಿಯನ್ ಅವರಿಗೆ ಒಟ್ಟು 50 ಕೋಟಿ ಡಾಲರ್ ಕೊಟ್ಟ ತಂಡ ಅದು. ಮರುವರ್ಷ 94 ಸೋಲಾದಾಗ ನಕ್ಕವರು ಇದ್ದರು. ಅದರ ಮರುವರ್ಷ ಅದು ವಿಶ್ವ ಸರಣಿ ಗೆದ್ದಿತು, ಸೀಗರ್ ಸರಣಿಶ್ರೇಷ್ಠರಾದರು. ಹಾಗೆಂದು ಇದು ಬರೀ ದುಡ್ಡಿನ ಗೆಲುವಲ್ಲ. ಡ್ರಾಫ್ಟ್‌ನಿಂದಲೇ ಬೆಳೆದ ಜೋಶ್ ಯಂಗ್, ಇವಾನ್ ಕಾರ್ಟರ್ ಅಷ್ಟರಲ್ಲಿ ಮೇಲೆ ಬಂದಿದ್ದರು. ಸಹಿ ಹಾಕುವಾಗ ಸೀಗರ್‌ಗೆ 27 ವರ್ಷ, ಪೂಹೋಲ್ಸ್‌ಗೆ 32 ತುಂಬುತ್ತಿತ್ತು. ಒಬ್ಬರ ಮುಂದಿನ ಆಟಕ್ಕೆ ಬೆಲೆ ಕಟ್ಟಲಾಗಿತ್ತು, ಇನ್ನೊಬ್ಬರ ಹಳೆಯ ಆಟಕ್ಕೆ.

ಆದ್ದರಿಂದ ಖರೀದಿಯೋ ಡ್ರಾಫ್ಟೋ ಎಂದು ಪಕ್ಷ ಕಟ್ಟಿಕೊಳ್ಳುವುದರಲ್ಲಿ ಹುರುಳಿಲ್ಲ. ಏಂಜಲ್ಸ್‌ನ ರೋಗ ಅವಸರ, ಅದು ಎರಡೂ ಕಡೆ ಹಬ್ಬಿದೆ. 2021ರ ಡ್ರಾಫ್ಟ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಪಿಚರ್‌ಗಳನ್ನೇ ಆರಿಸಿತು. 2023ರ ಜುಲೈನಲ್ಲಿ ಒಟಾನಿಯ ಕೊನೆಯ ಸೀಸನ್ ಉಳಿಸಿಕೊಳ್ಳುವ ಹಟದಲ್ಲಿ, ಎಳೆಯ ಕ್ಯಾಚರ್ ಎಡ್ಗರ್ ಕೆರೋ ಮತ್ತು ಪಿಚರ್ ಕೈ ಬುಷ್ ಅವರನ್ನು ಕೊಟ್ಟು ಲ್ಯೂಕಸ್ ಜಿಯೊಲಿಟೊ, ರೇನಾಲ್ಡೊ ಲೋಪೆಜ್ ಅವರನ್ನು ತಂದಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಇಬ್ಬರನ್ನೂ ಕೈಬಿಟ್ಟಿತು. ಅದೇ ಜುಲೈನಲ್ಲಿ ಆರಿಸಿದ ನೋಲನ್ ಷಾನ್ಯುಯಲ್ ನಲವತ್ತು ದಿನದಲ್ಲಿ ಮುಖ್ಯ ತಂಡದಲ್ಲಿದ್ದರು. ಆ ಹುಡುಗ ಹೇಗೋ ನಿಭಾಯಿಸಿದ್ದು ಅವರ ಅದೃಷ್ಟ, ಆಡಳಿತದ ಜಾಣ್ಮೆಯಲ್ಲ.

ಒಟಾನಿ ಹೋದದ್ದಕ್ಕೂ ಪರಿಹಾರದ ಆಯ್ಕೆಯೊಂದು ಬಂತು: 2024ರ ಡ್ರಾಫ್ಟ್‌ನ 74ನೇ ಸ್ಥಾನ. ಅದರಲ್ಲಿ ಸಿಕ್ಕಿದ ಪಿಚರ್ ರಯಾನ್ ಜಾನ್ಸನ್. ಮೈನರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡಿಸದೆ 2025ರ ಆರಂಭಕ್ಕೇ ಅವರನ್ನು ಕಣಕ್ಕಿಳಿಸಿದರು. ಬ್ಯಾಟರ್‌ಗಳು ಚೆನ್ನಾಗಿ ದಂಡಿಸಿದ ಮೇಲೆ, ಕಲಿಯುವುದಿದೆ ಎಂದು ಕೆಲವೇ ವಾರಗಳಲ್ಲಿ ಮೈನರ್ ಲೀಗ್‌ಗೆ ಕಳಿಸಿದರು.