ಪದಕ ಕೊಟ್ಟರೆ ವಾಲ್ಟರ್ ಟಲ್ ಸಾಲ ತೀರುವುದೇ?

ವಾಲ್ಟರ್ ಟಲ್ ಹೆಸರು ಬಂದಾಗಲೆಲ್ಲ ಬ್ರಿಟನ್ನಿನಲ್ಲಿ ಒಂದೇ ಬೇಡಿಕೆ ಏಳುತ್ತದೆ: ಅವರಿಗೆ ಮರಣೋತ್ತರವಾಗಿ ಮಿಲಿಟರಿ ಕ್ರಾಸ್ ಕೊಡಿ. ಸಂಸದರೂ ಇದಕ್ಕೆ ದನಿಗೂಡಿಸಿದ್ದಾರೆ. ಪದಕ ಕೊಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಪದಕದ ಗದ್ದಲದಲ್ಲಿ ಅವರಿಗೆ ಆದ ಮೊದಲ ಅನ್ಯಾಯ ಮರೆತೇ ಹೋಗುತ್ತಿದೆ. ನನ್ನ ತಕರಾರು ಅದು.

ಟಲ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಕರಾವಳಿ ಊರು ಫೋಕ್‌ಸ್ಟನ್‌ನಲ್ಲಿ. ತಂದೆ ಬಾರ್ಬಡೋಸ್‌ನಿಂದ ಬಂದ ಕಪ್ಪುವರ್ಣದ ಬಡಗಿ, ತಾಯಿ ಅಲ್ಲಿನವರೇ ಆದ ಬಿಳಿಯ ಹೆಣ್ಣುಮಗಳು. ಹತ್ತು ತುಂಬುವ ಮೊದಲೇ ಇಬ್ಬರನ್ನೂ ಕಳೆದುಕೊಂಡ ಟಲ್ ಲಂಡನ್ನಿನ ಅನಾಥಾಲಯದಲ್ಲಿ ಬೆಳೆದರು. 1909ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ ಅವರನ್ನು ವೃತ್ತಿಪರ ಆಟಗಾರನಾಗಿ ಸೇರಿಸಿಕೊಂಡಿತು.

ಅದೇ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಪಂದ್ಯ. ಪ್ರೇಕ್ಷಕರ ಒಂದು ಗುಂಪು ಟಲ್ ಅವರ ಬಣ್ಣ ಹಿಡಿದು ಹೊಲಸು ಬೈಗುಳ ಸುರಿಯಿತು. ಇದನ್ನು ಖಂಡಿಸಿದ ಪತ್ರಿಕಾ ವರದಿಗಾರನೊಬ್ಬ, ಮೈದಾನದಲ್ಲಿದ್ದ ಫಾರ್ವರ್ಡ್‌ಗಳಲ್ಲಿ ಟಲ್ ಅವರೇ ಮೇಲು ಎಂದು ಬರೆದ. ಆದರೂ ಹೆಚ್ಚು ಕಾಲ ಕಳೆಯುವ ಮೊದಲೇ ಅವರು ಮೊದಲ ತಂಡದಿಂದ ಹೊರಗಿದ್ದರು. ಟಾಟನ್‌ಹ್ಯಾಮ್ ಪರ ಅವರಿಗೆ ಸಿಕ್ಕಿದ್ದು ಬರೀ 10 ಲೀಗ್ ಪಂದ್ಯ. 1911ರಲ್ಲಿ ನಾರ್ಥಾಂಪ್ಟನ್ ಟೌನ್‌ಗೆ ಹೋದ ಮೇಲೆ ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು. ಆಟ ಬಾರದವನನ್ನು ಯಾವ ಕ್ಲಬ್ಬೂ ನೂರು ಸಲ ಕಣಕ್ಕಿಳಿಸುವುದಿಲ್ಲ.

1914ರ ಡಿಸೆಂಬರ್‌ನಲ್ಲಿ ಟಲ್ ಫುಟ್‌ಬಾಲ್ ಆಟಗಾರರಿಗೆಂದೇ ಕಟ್ಟಿದ ಬೆಟಾಲಿಯನ್ ಸೇರಿದರು. ಸಾಮ್ ಕದನ ಕಂಡರು. 1917ರ ಮೇ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಕಪ್ಪುವರ್ಣದವರು ಸೈನಿಕರಿಗೆ ಆಜ್ಞೆ ಕೊಡುವ ಅಧಿಕಾರಿಗಳಾಗಬಾರದೆಂದು ಸೇನೆಯ ಕಾನೂನು ಕೈಪಿಡಿ ಹೇಳುತ್ತಿದ್ದ ಕಾಲ ಅದು. ಇಟಲಿಯ ಪಿಯಾವೆ ನದಿಯ ಬಳಿ ಅವರು ತೋರಿದ ಧೈರ್ಯವನ್ನು ಜನರಲ್ ಒಬ್ಬರು ಲಿಖಿತವಾಗಿ ಮೆಚ್ಚಿದರು. 1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದರು. ದೇಹ ಸಿಗಲಿಲ್ಲ. ಅರಾಸ್ ಸ್ಮಾರಕದ ಗೋಡೆಯ ಮೇಲೆ ಹೆಸರಿದೆ, ಅಷ್ಟೇ.

"ಮೈದಾನ ಕೊಡದ ಗೌರವವನ್ನು ಸೇನೆ ಕೊಟ್ಟಿತು, ಯೋಗ್ಯತೆ ಬಣ್ಣವನ್ನು ಗೆದ್ದಿತು" ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಅಷ್ಟು ಹೊತ್ತಿಗೆ ಬ್ರಿಟಿಷ್ ಸೇನೆ ಸಾವಿರಗಟ್ಟಲೆ ಅಧಿಕಾರಿಗಳನ್ನು ಕಳೆದುಕೊಂಡಿತ್ತು. ನಿಯಮವನ್ನು ಹರಿದು ಹಾಕದೆ, ಅಗತ್ಯ ಬಿದ್ದಲ್ಲಿ ಕಣ್ಣು ಮುಚ್ಚಿಕೊಂಡರು. ಇದನ್ನು ಔದಾರ್ಯ ಎಂದು ಹೇಗೆ ಕರೆಯುವುದು?

ನಮಗೂ ಇದು ಹೊಸ ಅನುಭವವಲ್ಲ. ಅದೇ ಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊರದೇಶಗಳಿಗೆ ಸಾಗಿಸಿದ ಸಾಮ್ರಾಜ್ಯ, ಬ್ರಿಟಿಷರಿಗೆ ಸಮನಾದ ಅಧಿಕಾರಿ ಹುದ್ದೆಯನ್ನು ಭಾರತೀಯರಿಗೂ ಕೊಡುವುದಾಗಿ ಘೋಷಿಸಿದ್ದು 1917ರಲ್ಲಿ. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತಿ ಮುಗಿಸಿ ಆ ಹುದ್ದೆ ಪಡೆದದ್ದು 1919ರಲ್ಲಿ, ಯುದ್ಧ ಮುಗಿದ ಮೇಲೆ. ಬೆಟಾಲಿಯನ್ನಿನ ನೇತೃತ್ವ ಅವರ ಕೈಗೆ ಬಂದದ್ದು 1942ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ. ಸಾಮ್ರಾಜ್ಯಕ್ಕೆ ಸಮಾನತೆ ನೆನಪಾಗುತ್ತಿದ್ದದ್ದು ಜನ ಸಾಲದೇ ಹೋದಾಗ.

2021ರ ಯೂರೋ ಫೈನಲ್‌ನಲ್ಲಿ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಪೆನಾಲ್ಟಿ ತಪ್ಪಿಸಿದ ರಾತ್ರಿಯೇ ಇಂಗ್ಲೆಂಡಿನ ಈ ಮೂವರ ಮೇಲೆ ಮತ್ತೆ ಬಣ್ಣದ ಬೈಗುಳದ ಮಳೆ ಸುರಿಯಿತು. ಇವರೂ ಯುದ್ಧಕ್ಕೆ ಹೋಗಿ ಸತ್ತ ಮೇಲೆಯೇ ಮರ್ಯಾದೆಗೆ ಅರ್ಹರಾಗಬೇಕೇ?

ಪದಕ ಕೊಡಲಿ, ಸಂತೋಷ. ಆದರೆ ಅದನ್ನು ಕೊಡುವ ದಿನ ಬ್ರಿಸ್ಟಲ್‌ನ ಪಂದ್ಯದ ಬಗ್ಗೆಯೂ ಮಾತಾಡಲಿ. ಅಂದು ಟಲ್‌ಗೆ 21 ವರ್ಷ. ಯಾರ ಪ್ರಾಣವನ್ನೂ ಉಳಿಸಿರಲಿಲ್ಲ, ಯಾವ ನದಿಯನ್ನೂ ದಾಟಿರಲಿಲ್ಲ, ಚೆಂಡು ಆಡುತ್ತಿದ್ದರು. ಅವರಿಗೆ ಸಲ್ಲಬೇಕಾದ ಗೌರವ ಅಂದೇ ಸಲ್ಲಬೇಕಿತ್ತು.